ಪವರ್ ವಿಂಡೋ ಕೈಕೊಟ್ಟರೆ ಮೊದಲು ಕಿವಿ ಕೊಡಿ

ಕಾರಿನ ಕಿಟಕಿ ಮುಚ್ಚಿಕೊಂಡೇ ಕೆಟ್ಟರೆ ಯಾರಿಗೂ ಅಂಥ ತಲೆಬಿಸಿ ಆಗುವುದಿಲ್ಲ. ಹೇಗೋ ಎಸಿ ಹಾಕಿಕೊಂಡು ತಿಂಗಳುಗಟ್ಟಲೆ ಓಡಾಡುತ್ತೇವೆ. ಕಷ್ಟ ಶುರುವಾಗುವುದು ಗ್ಲಾಸು ಅರ್ಧ ಇಳಿದು ಅಲ್ಲೇ ನಿಂತುಬಿಟ್ಟಾಗ. ಲಾಕ್ ಮಾಡಿ ಪ್ರಯೋಜನ ಇಲ್ಲ, ಹೊರಗೆ ಬಿಟ್ಟು ಹೋಗುವ ಧೈರ್ಯ ಇಲ್ಲ, ಒಂದು ಮೋಡ ಕಂಡರೂ ಎದೆ ಢವಢವ. ಆ ಗಡಿಬಿಡಿಯಲ್ಲಿ ಗ್ಯಾರೇಜಿಗೆ ಹೋದರೆ ಬಾಗಿಲಿನ ಒಂದು ಸ್ಕ್ರೂ ಬಿಚ್ಚುವ ಮೊದಲೇ ತೀರ್ಪು ಬಂದುಬಿಡುತ್ತದೆ: "ಮೋಟರ್ ಹೋಗಿದೆ ಸಾರ್, ಪೂರ್ತಿ ಅಸೆಂಬ್ಲಿನೇ ಬದಲಾಯಿಸಬೇಕು."

ನನ್ನ ತಕರಾರು ಇರುವುದೇ ಇಲ್ಲಿ. ಮೋಟರ್ ಹೋಗುವುದೇ ಇಲ್ಲ ಅಂತಲ್ಲ, ಹೋಗುತ್ತದೆ. ಆದರೆ ಅದನ್ನು ಅನುಮಾನಿಸುವ ಮೊದಲು ನೋಡಬೇಕಾದ್ದು ಬೇಕಾದಷ್ಟಿದೆ. ಅದರಲ್ಲಿ ಅರ್ಧ ಕೆಲಸವನ್ನು ಸೀಟಿನಲ್ಲಿ ಕೂತೇ ಮಾಡಬಹುದು, ಒಂದು ಸ್ಕ್ರೂಡ್ರೈವರ್ ಕೂಡ ಬೇಡ. ಬಟನ್ ಒತ್ತಿ, ಕಿವಿ ಕೊಟ್ಟು ಕೇಳಬೇಕು, ಅಷ್ಟೆ. ಇದನ್ನು ಬಿಟ್ಟು ಸುಮ್ನೆ ಪಾರ್ಟ್ ಬದಲಾಯಿಸುತ್ತಾ ಹೋದರೆ ಕೊನೆಗೆ ಹೊಸ ಮೋಟರ್, ಹೊಸ ಸ್ವಿಚ್ಚು ಎಲ್ಲ ಬಂದು ಕೂತಿರುತ್ತದೆ, ಗ್ಲಾಸು ಮಾತ್ರ ಏರುವುದಿಲ್ಲ.

ಒಳಗೆ ಏನು ನಡೆಯುತ್ತದೆ ಅಂತ ಮೊದಲು ಸ್ವಲ್ಪ ನೋಡಿಬಿಡೋಣ. ಬ್ಯಾಟರಿಯಿಂದ ಹೊರಟ ಕರೆಂಟು ಒಂದು ಫ್ಯೂಸ್ ದಾಟಿ, ಹಲವು ಕಾರುಗಳಲ್ಲಿ ಒಂದು ರಿಲೇಯನ್ನೂ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಪುಟ್ಟ ಡಬ್ಬಿ) ದಾಟಿ, ಡ್ರೈವರ್ ಬಾಗಿಲಿನಲ್ಲಿರುವ ಮಾಸ್ಟರ್ ಸ್ವಿಚ್ಚಿಗೆ ಬರುತ್ತದೆ. ಆಮೇಲೆ ಆಯಾ ಬಾಗಿಲಿನ ಸ್ವಿಚ್ಚು, ಕೊನೆಗೆ ಮೋಟರ್. ಸಾಮಾನ್ಯ ಮೋಟರಿಗೆ ಎರಡೇ ವೈರು. ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಮೈನಸ್ ಕೊಟ್ಟರೆ ಗ್ಲಾಸು ಏರುತ್ತದೆ. ಅದಲು ಬದಲು ಮಾಡಿದರೆ ಇಳಿಯುತ್ತದೆ. ಸ್ವಿಚ್ಚು ಮಾಡುವುದು ಈ ಅದಲು ಬದಲನ್ನೇ. ಮೋಟರ್ ತಿರುಗಿದಾಗ ಅದಕ್ಕೆ ಜೋಡಿಸಿದ ರೆಗ್ಯುಲೇಟರ್ ಗ್ಲಾಸನ್ನು ಎತ್ತುತ್ತದೆ. ಅದು ಕತ್ತರಿಯಾಕಾರದ ಕಬ್ಬಿಣದ ತೋಳಿರಬಹುದು, ಇಲ್ಲವೇ ರಾಟೆಯ ಮೇಲೆ ಓಡುವ ಕೇಬಲ್ ಇರಬಹುದು. 1940ರ ಸುಮಾರಿಗೆ ಅಮೆರಿಕದ ಪ್ಯಾಕಾರ್ಡ್ ಕಾರುಗಳಲ್ಲಿ ಮೊದಮೊದಲು ಬಂದ ಪವರ್ ವಿಂಡೋಗಳಲ್ಲಿ ಈ ಕೆಲಸವನ್ನು ಹೈಡ್ರಾಲಿಕ್ ಒತ್ತಡ ಮಾಡುತ್ತಿತ್ತು. ಎಣ್ಣೆ ಸೋರುವುದೂ ನಮ್ಮ ತಲೆಗೆ ಬರಲಿಲ್ಲವಲ್ಲ, ಅದೇ ಪುಣ್ಯ.

ಈಗ ಪತ್ತೆದಾರಿ ಕೆಲಸ. ಮೊದಲ ಪ್ರಶ್ನೆ: ಒಂದು ಕಿಟಕಿ ಸತ್ತಿದೆಯೋ, ಎಲ್ಲವೂ ಸತ್ತಿವೆಯೋ?

ಎಲ್ಲವೂ ಒಟ್ಟಿಗೆ ನಿಂತಿದ್ದರೆ ಮೋಟರಿನ ಮಾತೇ ಬೇಡ. ನಾಲ್ಕು ಮೋಟರು ಒಂದೇ ಗಳಿಗೆಯಲ್ಲಿ ಸಾಯುವುದಿಲ್ಲ. ಅವಕ್ಕೆಲ್ಲ ಒಟ್ಟಿಗೆ ಕರೆಂಟು ಕೊಡುವ ಕಡೆ ನೋಡಬೇಕು. ಫ್ಯೂಸ್, ರಿಲೇ, ಮಾಸ್ಟರ್ ಸ್ವಿಚ್ಚಿನ ಕನೆಕ್ಟರ್, ಅರ್ತಿಂಗ್ (ಕರೆಂಟು ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ದಾರಿ), ಡ್ರೈವರ್ ಬಾಗಿಲಿಗೆ ಹೋಗುವ ವೈರು, ಇಷ್ಟೇ. ಫ್ಯೂಸ್ ಎಲ್ಲಿದೆ ಅಂತ ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ. ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಬದಿಯಲ್ಲೂ ಸಾಮಾನ್ಯವಾಗಿ ಒಂದು ಚಿತ್ರ ಇರುತ್ತದೆ. ಪವರ್ ವಿಂಡೋಗೆ 20ರಿಂದ 30 ಆಂಪ್ಸ್ ಫ್ಯೂಸ್ ಇರುವುದು ಮಾಮೂಲು. ಹೊರತೆಗೆದು ಬೆಳಕಿಗೆ ಹಿಡಿದು ನೋಡಿ. ಆದರೆ ಕಣ್ಣನ್ನೇ ನಂಬಬೇಡಿ, ಒಳಗಿನ ತಂತಿ ಕೂದಲೆಳೆಯಷ್ಟು ಸೀಳಿದ್ದರೂ ಸರಿಯಾಗಿರುವಂತೆ ಕಾಣುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿದರೆ ಅನುಮಾನ ಉಳಿಯುವುದಿಲ್ಲ.

ಸುಟ್ಟ ಫ್ಯೂಸ್ ಸಿಕ್ಕರೆ ಅಷ್ಟೇ ಆಂಪ್ಸಿನದ್ದು ಹಾಕಿ. ಜಾಸ್ತಿ ಆಂಪ್ಸಿನದ್ದು ಹಾಕುವುದು, ತಂತಿ ಸುತ್ತುವುದು, ಸಿಗರೇಟು ಪ್ಯಾಕಿನ ಹಾಳೆ ತುರುಕುವುದು, ಇವೆಲ್ಲ ಕಾರಿಗೆ ಬೆಂಕಿ ಇಡುವ ಕೆಲಸ. ಫ್ಯೂಸ್ ಸುಟ್ಟಿರುವುದಕ್ಕೆ ಒಂದು ಕಾರಣ ಇರುತ್ತದೆ. ಹೊಸದು ಹಾಕಿ ಒಂದೊಂದೇ ಕಿಟಕಿ ಆಡಿಸಿ ನೋಡಿ. ಯಾವ ಬಾಗಿಲಿನ ಬಟನ್ ಒತ್ತಿದಾಗ ಮತ್ತೆ ಹೋಯಿತೋ, ಕಾಯಿಲೆ ಆ ಬಾಗಿಲಿನಲ್ಲಿದೆ. ಬಟನ್ ಮುಟ್ಟದೆಯೇ ಹೋದರೆ ವೈರು ಎಲ್ಲೋ ಕಾರಿನ ಲೋಹದ ಬಾಡಿಯನ್ನು ತಾಗುತ್ತಿದೆ ಅಂತ ಅರ್ಥ.

ರಿಲೇಗೆ ಇನ್ನೂ ಸುಲಭದ ಪರೀಕ್ಷೆ ಇದೆ. ಬಾಕ್ಸಿನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದೆಯಾ ನೋಡಿ, ಎಷ್ಟೋ ಕಾರುಗಳಲ್ಲಿ ಹಾರ್ನ್‌ಗೂ ಅದನ್ನೇ ಹಾಕಿರುತ್ತಾರೆ. ಎರಡನ್ನೂ ಅದಲು ಬದಲು ಮಾಡಿ. ಕಿಟಕಿ ಓಡಿ ಹಾರ್ನ್ ನಿಂತರೆ ಬೇರೆ ಸಾಕ್ಷಿ ಬೇಡ.

ಒಂದು ಮಾತು ಹೇಳಿದರೆ ನಗಬೇಡಿ. ಡ್ರೈವರ್ ಕಿಟಕಿ ಚೆನ್ನಾಗಿದ್ದು, ಬೇರೆಯವರ ಬಟನ್‌ಗಳು ಮಾತ್ರ ಕೆಲಸ ಮಾಡುತ್ತಿಲ್ಲ ಅಂದರೆ ಮೊದಲು ಲಾಕ್ ಬಟನ್ ನೋಡಿ. ಮಕ್ಕಳು ಗ್ಲಾಸು ಆಡಿಸದಿರಲಿ ಅಂತ ಮಾಸ್ಟರ್ ಸ್ವಿಚ್ಚಿನ ಪಕ್ಕದಲ್ಲೇ ಅದನ್ನು ಕೊಟ್ಟಿರುತ್ತಾರೆ. ಮೊಣಕೈ ತಾಗಿ ಅದು ಒತ್ತಿಹೋಗುವುದು, ಅದಕ್ಕೇ ಕಾರು ಗ್ಯಾರೇಜಿಗೆ ಹೋಗುವುದು ಎಲ್ಲ ಕಡೆ ನಡೆಯುವ ಕಥೆ.

ಇನ್ನು ಒಂದೇ ಕಿಟಕಿ ಸತ್ತಿರುವ ವಿಷಯ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಬೇಡ, ಹಾಡು ನಿಲ್ಲಿಸಿ, ಎಸಿ ಫ್ಯಾನ್ ನಿಲ್ಲಿಸಿ. ಬಾಗಿಲಿನ ಹತ್ತಿರ ಕಿವಿ ಇಟ್ಟು ಬಟನ್ ಒತ್ತಿ. ಗುಂಯ್ ಅಂತ ಮೋಟರ್ ತಿರುಗುವ ಸದ್ದು ಬಂದು ಗ್ಲಾಸು ಅಲುಗದಿದ್ದರೆ ವಿದ್ಯುತ್ತಿನ ಕಡೆ ಏನೂ ತಪ್ಪಿಲ್ಲ. ರೆಗ್ಯುಲೇಟರಿನ ಕೇಬಲ್ ಕಿತ್ತಿದೆ, ಅಥವಾ ಗ್ಲಾಸನ್ನು ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ ಮುರಿದಿದೆ. ಕಟಕಟ, ಗರಗರ ಅಂತ ಏನೋ ಅರೆಯುವ ಸದ್ದು ಬಂದರೂ ಅದೇ ಕಥೆ, ಕೇಬಲ್ ರಾಟೆಯಿಂದ ಜಾರಿ ಗೋಜಲಾಗಿರುತ್ತದೆ. ಬರೀ ಟಕ್ ಅಂದು ಸುಮ್ಮನಾದರೆ ಮೋಟರಿಗೆ ಕರೆಂಟು ಹೋಗುತ್ತಿರಬಹುದು, ಅದು ತಿರುಗುತ್ತಿಲ್ಲ. ಏನೂ ಸದ್ದಿಲ್ಲದಿದ್ದರೆ ಕರೆಂಟೇ ಹೋಗುತ್ತಿಲ್ಲದಿರಬಹುದು.

ಈ ಕೊನೆಯ ಎರಡರಲ್ಲಿ ಯಾವುದು ಅಂತ ತಿಳಿಯಲು ನನಗೆ ತುಂಬಾ ಇಷ್ಟವಾದ ಒಂದು ಉಪಾಯ ಇದೆ. ಸಂಜೆ ಹೊತ್ತು ಕಾರಿನೊಳಗಿನ ಮೇಲಿನ ಲೈಟು ಹಾಕಿಕೊಳ್ಳಿ. ಲೈಟನ್ನೇ ನೋಡುತ್ತಾ ಬಟನ್ ಒತ್ತಿ. ಲೈಟು ಒಂದು ಚೂರು ಮಂಕಾದರೆ ಕರೆಂಟು ಮೋಟರಿನ ತನಕ ಹೋಗುತ್ತಿದೆ. ಮೋಟರ್ ಜಾಮ್ ಆಗಿದೆ, ಅಥವಾ ಗ್ಲಾಸು ಎಲ್ಲೋ ಸಿಕ್ಕಿಕೊಂಡಿದೆ. ಲೈಟು ಅಲುಗಾಡದೆ ಹಾಗೇ ಇದ್ದರೆ ದಾರಿಯಲ್ಲಿ ಎಲ್ಲೋ ಸಂಪರ್ಕ ತಪ್ಪಿದೆ: ಸ್ವಿಚ್ಚು, ವೈರು, ಕನೆಕ್ಟರ್, ಇಲ್ಲವೇ ಮೋಟರಿನೊಳಗೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಬ್ರಷ್. ಎಲ್‌ಇಡಿ ಲೈಟಿರುವ ಹೊಸ ಕಾರುಗಳಲ್ಲಿ ಈ ಮಂಕು ಕಾಣದೇ ಇರಬಹುದು. ಅಲ್ಲಿ ಬ್ಯಾಟರಿಗೆ ಮಲ್ಟಿಮೀಟರ್ ಸಿಕ್ಕಿಸಿ, ಬೇರೆಯವರ ಕೈಲಿ ಬಟನ್ ಒತ್ತಿಸಿದರೆ ವೋಲ್ಟೇಜು ಸ್ವಲ್ಪ ಕುಸಿಯುವುದು ಕಾಣುತ್ತದೆ.

ಗ್ಲಾಸು ಇಳಿಯುತ್ತದೆ, ಏರುವುದಿಲ್ಲ, ಅಥವಾ ಏರುತ್ತದೆ, ಇಳಿಯುವುದಿಲ್ಲ ಅನ್ನುವ ಜನರಿಗೆ ಒಳ್ಳೆಯ ಸುದ್ದಿ. ನಿಮ್ಮ ಮೋಟರ್ ಬಹುಪಾಲು ಗಟ್ಟಿಮುಟ್ಟಾಗಿದೆ. ಎರಡೂ ಕಡೆಗೆ ತಿರುಗುವುದು ಅದೇ ಮೋಟರ್, ಅದೇ ಎರಡು ವೈರು. ಮೋಟರಿನ ವೈರು ಒಂದು ತುಂಡಾದರೂ ಎರಡೂ ದಿಕ್ಕು ನಿಲ್ಲಬೇಕು, ಅಲ್ವಾ? ಡ್ರೈವರ್ ಕಿಟಕಿಯಲ್ಲಿ ಹೀಗಾದರೆ ಹೆಚ್ಚುಕಡಿಮೆ ಸ್ವಿಚ್ಚೇ ಕಳ್ಳ. ಬೇರೆ ಬಾಗಿಲಿನಲ್ಲಾದರೆ ಸ್ವಿಚ್ಚು ಇರಬಹುದು, ಅಥವಾ ಮಾಸ್ಟರ್ ಸ್ವಿಚ್ಚಿನಿಂದ ಆ ಬಾಗಿಲಿಗೆ ಬರುವ ಎರಡು ವೈರಿನಲ್ಲಿ ಒಂದು ಹೋಗಿರಬಹುದು. ಏರುವಾಗ ಮಾತ್ರ ನಿಂತುಬಿಡುತ್ತದೆ ಅನ್ನುವವರು ಗ್ಲಾಸು ಓಡುವ ರಬ್ಬರನ್ನೂ ನೋಡಿ. ಇಳಿಸುವಾಗ ಗ್ಲಾಸಿನ ಭಾರವೇ ಸಹಾಯ ಮಾಡುತ್ತದೆ, ಏರಿಸುವಾಗ ಅದನ್ನೇ ಎತ್ತಬೇಕು.

ಇಲ್ಲಿ ಒಂದು ಕುತೂಹಲದ ಸಂಗತಿ ಇದೆ. ತುಂಬಾ ಮೆಕ್ಯಾನಿಕ್‌ಗಳೂ ಇದನ್ನು ಮರೆಯುತ್ತಾರೆ. ಹಳೆಯ ಮಾದರಿಯ ವೈರಿಂಗ್‌ನಲ್ಲಿ ಪ್ಯಾಸೆಂಜರ್ ಬಾಗಿಲಿನ ಸ್ವಿಚ್ಚಿಗೆ ಸ್ವಂತ ಅರ್ತಿಂಗ್ ಇರುವುದಿಲ್ಲ. ಅದು ಮಾಸ್ಟರ್ ಸ್ವಿಚ್ಚಿನ ಮೂಲಕ ಹೋಗುತ್ತದೆ. ಅದೇ ರೀತಿ ಮಾಸ್ಟರ್ ಸ್ವಿಚ್ಚಿನಿಂದ ಬರುವ ಕರೆಂಟು ಪ್ಯಾಸೆಂಜರ್ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ದಾಟಿಯೇ ಮೋಟರಿಗೆ ಹೋಗಬೇಕು. ಅಂದರೆ ಪ್ಯಾಸೆಂಜರ್ ಕಿಟಕಿ ನಿಂತಿದೆ ಅಂತ ಆ ಬಾಗಿಲನ್ನು ಪೂರ್ತಿ ಬಿಚ್ಚಿ ಹರಡಿಕೊಂಡು ಕೂತಿರುವಾಗ, ಕಾಯಿಲೆ ಡ್ರೈವರ್ ಬಾಗಿಲಿನ ಸ್ವಿಚ್ಚಿನಲ್ಲಿ ಆರಾಮಾಗಿ ಕೂತಿರಬಹುದು! ಎರಡು ಬಟನ್‌ಗಳಿಂದಲೂ ಕೆಲಸ ಮಾಡುತ್ತಿಲ್ಲ ಅಂದ ಮಾತ್ರಕ್ಕೆ ಎರಡೂ ಸ್ವಿಚ್ಚು ಸರಿ ಇವೆ, ಮೋಟರೇ ಹೋಗಿದೆ ಅಂತ ಲೆಕ್ಕ ಹಾಕಬೇಡಿ.

ಮಾಸ್ಟರ್ ಸ್ವಿಚ್ಚು ಕೆಡುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಇಡೀ ಕಾರಿನಲ್ಲಿ ಜಾಸ್ತಿ ಒತ್ತಿಸಿಕೊಳ್ಳುವ ಬಟನ್‌ಗಳಲ್ಲಿ ಅದೂ ಒಂದು. ಗ್ಲಾಸು ಇಳಿಸಿ ಓಡಿಸುವಾಗ ಮಳೆ ಹನಿ, ಧೂಳು ಎಲ್ಲ ಅದರ ಮೇಲೇ. ಮೇಲಿಂದ ಕುಡಿಯುವ ಏನಾದರೂ ಚೆಲ್ಲಿರುತ್ತದೆ, ಸಿಹಿ ಇದ್ದರಂತೂ ಅಂಟಿಕೊಂಡು ಕೂರುತ್ತದೆ. ಒಮ್ಮೆ ಅಂಥ ಒಂದು ಸ್ವಿಚ್ಚನ್ನು ನಾನು ಬಿಚ್ಚಿ ನೋಡಿದ್ದೆ. ಮೇಲಿನ ಬಟನ್‌ಗಳು ಹೊಸದರ ಹಾಗೇ ಇದ್ದವು. ಒಳಗೆ, ತಾಮ್ರದ ಪುಟ್ಟ ನಾಲಗೆಯೊಂದು ಈ ಕಡೆ ಆ ಕಡೆ ವಾಲಿ ಎರಡು ಬಿಂದುಗಳನ್ನು ಮುಟ್ಟಬೇಕಿತ್ತು. ಒಂದು ಬಿಂದು ಹೊಳೆಯುತ್ತಿತ್ತು. ಇನ್ನೊಂದು ಕಪ್ಪು ಮಸಿ ಹಿಡಿದು, ನಡುವೆ ಸೂಜಿಮೊನೆಯಷ್ಟು ಗುಳಿ ಬಿದ್ದು, ಅಂಚಿನಲ್ಲಿ ಹಸಿರು ಕಿಲುಬು ಕಟ್ಟಿತ್ತು. ಆ ಕಾರಿನ ಗ್ಲಾಸು ಇಳಿಯುತ್ತಿತ್ತು, ಏರುತ್ತಿರಲಿಲ್ಲ. ಇದಕ್ಕಿಂತ ನೇರವಾಗಿ ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ.

ಇಂಥ ಕಡೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಬಟನನ್ನು ಹತ್ತಾರು ಸಲ ಆಡಿಸಿದರೆ ಎಷ್ಟೋ ಸಲ ಜೀವ ಬರುತ್ತದೆ. ಸ್ಪ್ರೇ ಪೂರ್ತಿ ಒಣಗಲಿ, ಆಮೇಲೆ ಕನೆಕ್ಟರ್ ಹಾಕಿ. ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಬೇರೆ, ಇದು ಬೇರೆ. ಅದನ್ನು ಇಲ್ಲಿ ಹೊಡೆದರೆ ಒಳಗೆ ಜಿಡ್ಡು ಉಳಿದು ಇನ್ನಷ್ಟು ಧೂಳು ಹಿಡಿಯುತ್ತದೆ. ಗುಳಿ ಬಿದ್ದ ಕಾಂಟ್ಯಾಕ್ಟನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿದರೆ ಸ್ವಲ್ಪ ಕಾಲ ಓಡುತ್ತದೆ. ಆದರೆ ಮೇಲಿನ ಲೇಪ ಹೋಗಿರುವುದರಿಂದ ಮತ್ತೆ ಕೆಡುವುದು ಖಂಡಿತ. ಹೊಸ ಸ್ವಿಚ್ಚು ಸಿಗುವ ತನಕ ಒಂದು ತೇಪೆ ಅಂತ ಇಟ್ಟುಕೊಳ್ಳಿ.

ಈಗ ನನ್ನ ಪ್ರಕಾರ ಜಾಸ್ತಿ ಮೋಸ ಮಾಡುವ ಜಾಗಕ್ಕೆ ಬರೋಣ. ಬಾಗಿಲು ತೆರೆದರೆ, ಬಾಗಿಲಿಗೂ ಬಾಡಿಗೂ ಮಧ್ಯೆ, ಹಿಂಜ್ ಪಕ್ಕದಲ್ಲಿ ಸುಕ್ಕುಸುಕ್ಕಾದ ಒಂದು ಕಪ್ಪು ರಬ್ಬರ್ ಕೊಳವೆ ಕಾಣುತ್ತದೆ. ಬಾಗಿಲಿಗೆ ಹೋಗುವ ವೈರೆಲ್ಲ ಅದರೊಳಗಿಂದ ಹೋಗುತ್ತದೆ. ಬಾಗಿಲು ತೆರೆದಾಗಲೆಲ್ಲ ಆ ವೈರುಗಳು ಬಗ್ಗುತ್ತವೆ, ಮುಚ್ಚಿದಾಗ ಮತ್ತೆ ಬಗ್ಗುತ್ತವೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ. ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತಾ ಹೋಗುತ್ತವೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಹಾಗೇ ಇರುತ್ತದೆ. ನೋಡಿದರೆ ವೈರಿಗೆ ಏನೂ ಆಗಿಲ್ಲ. ಜಾಸ್ತಿ ತೆರೆದು ಮುಚ್ಚುವುದು ಡ್ರೈವರ್ ಬಾಗಿಲೇ ಆದ್ದರಿಂದ ಅಲ್ಲೇ ಇದು ಜಾಸ್ತಿ.

ಇದರ ಲಕ್ಷಣ ಹೇಳುತ್ತೇನೆ. ಕಿಟಕಿ ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಮಾಡುವುದಿಲ್ಲ. ಬಾಗಿಲು ಹಾಕಿದ್ದಾಗ ಸತ್ತಿರುತ್ತದೆ, ತೆರೆದರೆ ಓಡುತ್ತದೆ. ಜೊತೆಗೆ ಅದೇ ಬಾಗಿಲಿನ ಸ್ಪೀಕರ್ ಕರಕರ ಅನ್ನುತ್ತದೆ, ಸೆಂಟ್ರಲ್ ಲಾಕ್ ತಪ್ಪುತ್ತದೆ, ಕನ್ನಡಿ ಅಲುಗುವುದಿಲ್ಲ. ಒಂದೇ ಬಾಗಿಲಿನಲ್ಲಿ ಒಂದಕ್ಕಿಂತ ಜಾಸ್ತಿ ಕೆಟ್ಟಿದ್ದರೆ ನೇರ ಈ ರಬ್ಬರ್ ಕೊಳವೆಗೆ ಹೋಗಿ. ಪರೀಕ್ಷೆ ತುಂಬಾ ಸುಲಭ. ಬಟನ್ ಒತ್ತಿ ಹಿಡಿದುಕೊಂಡೇ ಬಾಗಿಲನ್ನು ನಿಧಾನಕ್ಕೆ ತೆರೆಯಿರಿ, ಮುಚ್ಚಿರಿ. ಮಧ್ಯೆ ಎಲ್ಲಾದರೂ ಒಂದು ಕ್ಷಣ ಗ್ಲಾಸು ಅಲುಗಿದರೂ ಸಾಕು.

ನಮ್ಮ ಕಾರಿನಲ್ಲೂ ಇದೇ ಆಗಿತ್ತು. ಒಂದು ಗ್ಯಾರೇಜಿನವರು ಮೋಟರ್ ಬದಲಾಯಿಸಿಯೇ ಬಿಡೋಣ ಅಂದರು. ಬಾಗಿಲು ಮುಕ್ಕಾಲು ತೆರೆದಾಗ ಓಡುವ ಗ್ಲಾಸು ಮುಚ್ಚಿದಾಗ ಯಾಕೆ ಓಡುವುದಿಲ್ಲ ಅಂತ ಕೇಳಿದ್ದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ರಬ್ಬರ್ ಕೊಳವೆಯ ಒಂದು ತುದಿಯನ್ನು ಬಾಡಿಯಿಂದ ಎಬ್ಬಿಸಿ ಹಿಂದಕ್ಕೆ ಮಡಚಿದೆ. ಒಳಗೆ ಒಂದು ಕಟ್ಟು ವೈರು. ಒಂದೊಂದನ್ನೇ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡುತ್ತಾ ಹೋದೆ. ಮಿಕ್ಕವೆಲ್ಲ ಗಟ್ಟಿಯಾಗಿದ್ದವು. ಒಂದು ದಪ್ಪ ವೈರು ಮಾತ್ರ ಎಳೆದರೆ ಬಲೂನಿನ ರಬ್ಬರಿನ ಹಾಗೆ ಉದ್ದವಾಯಿತು. ಒಳಗೆ ತಾಮ್ರವೇ ಇಲ್ಲದಿದ್ದರೆ ಪ್ಲಾಸ್ಟಿಕ್ ಹಿಗ್ಗದೆ ಇನ್ನೇನು ಮಾಡುತ್ತದೆ? ಬ್ಲೇಡಿನಿಂದ ಸೀಳಿದರೆ ಎರಡು ತುಂಡುಗಳ ನಡುವೆ ಕಪ್ಪಗಾದ ತಾಮ್ರದ ಪುಡಿ.

ರಿಪೇರಿ ಮಾಡುವಾಗ ಎರಡು ತುದಿ ಸೇರಿಸಿ ತಿರುಚಿ ಟೇಪು ಸುತ್ತಿದರೆ ಅದು ಮುಂದಿನ ಮಳೆಗಾಲ ಕಾಣುವುದಿಲ್ಲ. ಬಗ್ಗುವ ಜಾಗದಲ್ಲೇ ಜೋಡಣೆ ಬರಬಾರದು. ಒಂದು ಗೇಣು ಹೊಸ ವೈರು ತೆಗೆದುಕೊಳ್ಳಿ. ಅಷ್ಟೇ ದಪ್ಪದ್ದು, ಆದರೆ ಸಣ್ಣ ಸಣ್ಣ ಎಳೆಗಳು ಜಾಸ್ತಿ ಇರುವ ಮೆತ್ತನೆಯ ವೈರು ಆಗಿರಬೇಕು. ಕೆಟ್ಟ ಭಾಗವನ್ನು ಪೂರ್ತಿ ಕತ್ತರಿಸಿ ಇದನ್ನು ಹಾಕಿ, ಎರಡು ಜೋಡಣೆಗಳೂ ರಬ್ಬರ್ ಕೊಳವೆಯ ಆಚೆ ಈಚೆ ಬರುವ ಹಾಗೆ ನೋಡಿಕೊಳ್ಳಿ. ಲೋಹದ ಸಣ್ಣ ಕೊಳವೆಯಲ್ಲಿ ಒತ್ತಿ ಕ್ರಿಂಪ್ ಮಾಡಿ, ಇಲ್ಲವೇ ಬೆಸುಗೆ ಹಾಕಿ, ಮೇಲೆ ಬಿಸಿ ತಾಗಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಹಲವು ವೈರು ಕಿತ್ತಿದ್ದರೆ ಎಲ್ಲದರ ಜೋಡಣೆಯನ್ನೂ ಒಂದೇ ನೇರಕ್ಕೆ ತರಬೇಡಿ, ಹಿಂದೆ ಮುಂದೆ ಮಾಡಿ. ಇಲ್ಲದಿದ್ದರೆ ಕಟ್ಟು ಅಲ್ಲಿ ಗಂಟಾಗಿ ರಬ್ಬರ್ ಕೊಳವೆ ಮತ್ತೆ ಕೂರುವುದೇ ಇಲ್ಲ. ಬ್ಯಾಟರಿಯ ಮೈನಸ್ ಮೊದಲೇ ತೆಗೆದಿಟ್ಟಿರಬೇಕು ಅಂತ ಬೇರೆ ಹೇಳಬೇಕಾಗಿಲ್ಲ.

ಮೀಟರ್ ಹಿಡಿಯುವವರಿಗೆ ಒಂದು ಕಿವಿಮಾತು. ಮೋಟರಿನ ಪ್ಲಗ್ ಬಿಚ್ಚಿ ವೋಲ್ಟೇಜು ನೋಡಿ "12 ವೋಲ್ಟ್ ಬರುತ್ತಿದೆ, ಹಾಗಾದರೆ ಮೋಟರೇ ಹೋಗಿದೆ" ಅಂತ ತೀರ್ಮಾನ ಮಾಡಬೇಡಿ. ನೂರು ಎಳೆಯಲ್ಲಿ ಒಂದೇ ಎಳೆ ಉಳಿದ ವೈರು ಕೂಡ ಮೀಟರಿಗೆ 12 ವೋಲ್ಟ್ ತೋರಿಸುತ್ತದೆ, ಯಾಕಂದರೆ ಮೀಟರ್ ಕರೆಂಟು ಎಳೆಯುವುದೇ ಇಲ್ಲ ಅನ್ನಬಹುದು. ಮೋಟರ್ ಹಾಗಲ್ಲ, ಅದಕ್ಕೆ ಹಲವಾರು ಆಂಪ್ಸ್ ಬೇಕು. ಪ್ಲಗ್ ಸಿಕ್ಕಿಸಿಯೇ ಇಟ್ಟು, ಹಿಂದಿನಿಂದ ಪಿನ್ ತೂರಿಸಿ, ಬಟನ್ ಒತ್ತಿದಾಗ ಎಷ್ಟಿದೆ ಅಂತ ನೋಡಬೇಕು. ಬ್ಯಾಟರಿಯಲ್ಲಿ ಇರುವುದಕ್ಕೂ ಇಲ್ಲಿ ಸಿಗುವುದಕ್ಕೂ ಒಂದು ವೋಲ್ಟಿಗಿಂತ ತುಂಬಾ ಜಾಸ್ತಿ ವ್ಯತ್ಯಾಸ ಇದ್ದರೆ ದಾರಿಯಲ್ಲಿ ಎಲ್ಲೋ ಅದು ಸೋರಿಹೋಗುತ್ತಿದೆ. ಹಳೇ ಕಾಲದ ಬಲ್ಬಿನ ಟೆಸ್ಟ್ ಲ್ಯಾಂಪು ಇದಕ್ಕೆ ಮೀಟರಿಗಿಂತ ಮೇಲು. ಬಲ್ಬು ಮಿಣುಕಿದರೆ ಕಣ್ಣಿಗೇ ಗೊತ್ತಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಮೋಟರಿನ ಸರದಿ. ಅದರೊಳಗಿನ ಕಾರ್ಬನ್ ಬ್ರಷ್ ಸವೆಯುತ್ತದೆ, ನೀರು ಹೋಗಿ ತುಕ್ಕು ಹಿಡಿಯುತ್ತದೆ. ಬಟನ್ ಒತ್ತಿ ಹಿಡಿದುಕೊಂಡು, ಮೋಟರ್ ಇರುವ ಕಡೆ ಬಾಗಿಲಿನ ಒಳಬದಿಗೆ ಅಂಗೈಯಿಂದ ಡಬ್ ಅಂತ ಬಡಿಯಿರಿ. ಅದಕ್ಕೆ ಗ್ಲಾಸು ಎದ್ದು ಓಡಿದರೆ ಬ್ರಷ್ ಸವೆದಿದೆ ಅಂತ ಲೆಕ್ಕ. ತಕ್ಷಣ ಗ್ಲಾಸು ಮೇಲೆ ಏರಿಸಿಬಿಡಿ, ಹೊಸ ಮೋಟರ್ ಬರುವ ತನಕ ಆ ಬಟನ್ ಮುಟ್ಟಬೇಡಿ. ಮುಂದಿನ ಸಲ ಬಡಿದರೆ ಏಳುತ್ತದೋ ಇಲ್ಲವೋ.

ಇನ್ನೊಂದು ಸಾಧ್ಯತೆ ಇದೆ, ಇದರಲ್ಲಿ ಏನೂ ಕೆಟ್ಟಿರುವುದಿಲ್ಲ. ಮಕ್ಕಳು ಗ್ಲಾಸನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸುತ್ತಾ ಕೂತರೆ ಮೋಟರ್ ಬಿಸಿಯಾಗುತ್ತದೆ. ಅದು ಸುಟ್ಟುಹೋಗದಿರಲಿ ಅಂತ ಒಳಗೆ ಒಂದು ರಕ್ಷಣೆ ಇಟ್ಟಿರುತ್ತಾರೆ, ಬಿಸಿ ಜಾಸ್ತಿಯಾದರೆ ತಾನಾಗೇ ಕರೆಂಟು ತಡೆಯುತ್ತದೆ. ಕೆಲವು ನಿಮಿಷ ಸುಮ್ಮನೆ ಬಿಟ್ಟರೆ ಮತ್ತೆ ಓಡುತ್ತದೆ. ಯಾರೂ ಆಡಿಸದೆಯೇ ಪದೇ ಪದೇ ಹೀಗಾಗುತ್ತಿದ್ದರೆ ಮಾತ್ರ ಗ್ಲಾಸು ಬಿಗಿಯಾಗಿ ಓಡುತ್ತಿದೆ ಅಂತ ತಿಳಿಯಿರಿ.

ಬಿಗಿಯಾಗುವುದಕ್ಕೆ ಕಾರಣ ಗ್ಲಾಸು ಓಡುವ ರಬ್ಬರ್ ಚಾನೆಲ್. ಅದರಲ್ಲಿ ಧೂಳು ತುಂಬಿ, ರಬ್ಬರ್ ಒಣಗಿ ಬಿರುಸಾಗುತ್ತದೆ. ಗ್ಲಾಸು ತೆವಳುತ್ತಾ ಏರುತ್ತದೆ, ಮೋಟರ್ ಏದುಸಿರು ಬಿಡುತ್ತದೆ, ಕೊನೆಗೆ ಫ್ಯೂಸೋ ರೆಗ್ಯುಲೇಟರೋ ಹೋಗುತ್ತದೆ. ಒದ್ದೆ ಬಟ್ಟೆಯನ್ನು ಒಂದು ಚಪ್ಪಟೆ ಕಡ್ಡಿಗೆ ಸುತ್ತಿ ಚಾನೆಲ್ ಒಳಗೆ ಉಜ್ಜಿ. ಬರುವ ಕೊಳೆ ನೋಡಿದರೆ ಆಶ್ಚರ್ಯವಾಗುತ್ತದೆ. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಗ್ರೀಸು, ಎಂಜಿನ್ ಆಯಿಲ್ ಬೇಡವೇ ಬೇಡ, ಅವು ರಬ್ಬರನ್ನು ಊದಿಸಿ ಹಾಳುಮಾಡುತ್ತವೆ. ಹಿಮ ಬೀಳುವ ಊರುಗಳಲ್ಲಿ ಗ್ಲಾಸು ಮಂಜುಗಟ್ಟಿ ರಬ್ಬರಿಗೆ ಅಂಟಿಕೊಂಡಿರುತ್ತದೆ. ಬಟನ್ ಒತ್ತಿ ಒತ್ತಿ ಜಬರ್ದಸ್ತಿ ಮಾಡಿದರೆ ಗ್ಲಾಸು ಬಿಡುವ ಮೊದಲು ಕ್ಲಿಪ್ ಮುರಿಯುತ್ತದೆ.

ಕೆಲವರ ದೂರು ಬೇರೆ ಥರ. ಗ್ಲಾಸು ಪೂರ್ತಿ ಏರುತ್ತದೆ, ಏರಿದ್ದೇ ತಡ ತಾನಾಗೇ ವಾಪಸ್ ಇಳಿಯುತ್ತದೆ. ಇದು ಕೈ, ಕುತ್ತಿಗೆ ಸಿಕ್ಕಿಕೊಳ್ಳದಿರಲಿ ಅಂತ ಇಟ್ಟ ವ್ಯವಸ್ಥೆಯ ಕೆಲಸ. ಅಡ್ಡ ಬಂದದ್ದರ ಮೇಲೆ 100 ನ್ಯೂಟನ್ ಬಲ, ಅಂದರೆ ಸುಮಾರು 10 ಕೆಜಿ ಭಾರ, ದಾಟುವ ಮೊದಲೇ ಗ್ಲಾಸು ಹಿಂದೆ ಸರಿಯಬೇಕು ಅಂತ ಅಮೆರಿಕ, ಯುರೋಪಿನ ನಿಯಮಗಳು ಒಂದೇ ಒತ್ತಿಗೆ ತಾನಾಗೇ ಏರುವ ಕಿಟಕಿಗಳಿಗೆ ಹೇಳುತ್ತವೆ. ರಬ್ಬರ್ ಬಿಗಿಯಾಗಿದ್ದರೆ ಆ ವ್ಯವಸ್ಥೆಗೆ ಅದೂ ಯಾರದೋ ಕೈಯೇ. ಚಾನೆಲ್ ಸ್ವಚ್ಛ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಇಲ್ಲದಿದ್ದರೆ ಕಿಟಕಿಗೆ ತನ್ನ ಮೇಲಿನ ತುದಿ ಎಲ್ಲಿದೆ ಅನ್ನುವುದು ಮರೆತಿರುತ್ತದೆ. ಬ್ಯಾಟರಿ ತೆಗೆದು ಹಾಕಿದ ಮೇಲೆ ಒಂದೇ ಒತ್ತಿಗೆ ಏರುತ್ತಿದ್ದ ಗ್ಲಾಸು ಬಟನ್ ಹಿಡಿದುಕೊಂಡರೆ ಮಾತ್ರ ಏರುವುದೂ ಇದರಿಂದಲೇ. ಮತ್ತೆ ಕಲಿಸಬೇಕು. ಹಲವು ಕಾರುಗಳಲ್ಲಿ ಗ್ಲಾಸನ್ನು ಪೂರ್ತಿ ಏರಿಸಿ, ಬಟನನ್ನು ಮೇಲಕ್ಕೆ ಎಳೆದೇ ಕೆಲವು ಸೆಕೆಂಡು ಹಿಡಿದರೆ ಸಾಕು. ಕೆಲವದರಲ್ಲಿ ಪೂರ್ತಿ ಇಳಿಸಿಯೂ ಹಿಡಿಯಬೇಕು. ನಿಮ್ಮದಕ್ಕೆ ಯಾವುದು ಅಂತ ಪುಸ್ತಕದಲ್ಲಿ ಒಂದು ಪ್ಯಾರಾ ಇದ್ದೇ ಇರುತ್ತದೆ.

ಹೊಸ ಕಾರುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಅವುಗಳಲ್ಲಿ ಬಟನ್ ಮೋಟರಿಗೆ ಕರೆಂಟು ಕೊಡುವುದೇ ಇಲ್ಲ, ಒಂದು ಸಂದೇಶ ಕಳಿಸುತ್ತದೆ ಅಷ್ಟೆ. ಅದನ್ನು ನೋಡಿ ಒಂದು ಕಂಟ್ರೋಲ್ ಮಾಡ್ಯೂಲ್ ಮೋಟರನ್ನು ಓಡಿಸುತ್ತದೆ, ಆ ಮಾಡ್ಯೂಲ್ ಮೋಟರಿನ ಜೊತೆಗೇ ಇರುವುದೂ ಉಂಟು. ಮೋಟರಿನ ಪ್ಲಗ್‌ನಲ್ಲಿ ಎರಡಕ್ಕಿಂತ ಜಾಸ್ತಿ ಪಿನ್ ಕಂಡರೆ ಬ್ಯಾಟರಿಯಿಂದ ನೇರ ವೈರು ಎಳೆದು ತಿರುಗಿಸಿ ನೋಡುವ ಪ್ರಯೋಗ ಮಾಡಬೇಡಿ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಇರುವವರ ಹತ್ತಿರ ಹೋಗುವುದೇ ಅಗ್ಗ. ಎರಡೇ ಪಿನ್ ಇದ್ದರೆ ಪ್ಲಗ್ ಬಿಚ್ಚಿ, ಮಧ್ಯೆ ಒಂದು ಫ್ಯೂಸ್ ಇಟ್ಟುಕೊಂಡು ನೇರ ಕರೆಂಟು ಕೊಡಬಹುದು. ತಿರುಗಿದರೆ ಮೋಟರ್ ನಿರ್ದೋಷಿ. ಗ್ಲಾಸು ಮೇಲೆ ಏರಿಸಿಕೊಳ್ಳುವುದಕ್ಕೂ ಇದು ದಾರಿ.

ಕರೆಂಟು ಕೊಟ್ಟರೂ ಏರದಿದ್ದರೆ, ಕೇಬಲ್ ಕಿತ್ತಿದ್ದರೆ, ರಾತ್ರಿಯ ಮಟ್ಟಿಗಾದರೂ ಗ್ಲಾಸು ಮುಚ್ಚಬೇಕಲ್ಲ. ಎರಡು ಅಂಗೈಗಳ ನಡುವೆ, ಒಳಗಿನಿಂದ ಒಂದು, ಹೊರಗಿನಿಂದ ಒಂದು, ಗ್ಲಾಸನ್ನು ಅದುಮಿ ಹಿಡಿದು ಮೇಲಕ್ಕೆ ಎತ್ತಿ. ಕೇಬಲ್ ಕಿತ್ತ ಗ್ಲಾಸು ಬಹುಮಟ್ಟಿಗೆ ಬರುತ್ತದೆ. ಬಂದ ಮೇಲೆ ಅಗಲದ ಟೇಪನ್ನು ಒಳಗಿನ ಗ್ಲಾಸಿನಿಂದ ಬಾಗಿಲಿನ ಮೇಲಿನ ಚೌಕಟ್ಟು ದಾಟಿಸಿ ಹೊರಗಿನ ಗ್ಲಾಸಿಗೆ ಅಂಟಿಸಿ. ಒಂದಲ್ಲ, ಎರಡು ಮೂರು ಕಡೆ. ಟೇಪು ಪೇಂಟಿನ ಮೇಲೆ ದಿನಗಟ್ಟಲೆ ಬಿಸಿಲಿಗೆ ಬಿಡಬೇಡಿ, ಅಂಟು ಎದ್ದು ಬರುವಾಗ ಅಳು ಬರುತ್ತದೆ. ಮೋಟರ್ ಗಟ್ಟಿಯಾಗಿ ಹಿಡಿದಿಟ್ಟಿದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಗೇರು ಹಿಂದಕ್ಕೆ ತಿರುಗದ ಹಾಗೇ ಅದನ್ನು ಮಾಡಿರುತ್ತಾರೆ.

ಬಾಗಿಲಿನ ಪ್ಯಾಡ್, ಅಂದರೆ ಒಳಬದಿಯ ಹೊದಿಕೆ, ಬಿಚ್ಚುವವರು ಕೆಲವನ್ನು ತಿಳಿದಿರಬೇಕು. ಸ್ಕ್ರೂಗಳು ಹಿಡಿಕೆಯ ಒಳಗೆ, ಪುಟ್ಟ ಮುಚ್ಚಳಗಳ ಕೆಳಗೆ ಅಡಗಿರುತ್ತವೆ. ಎಲ್ಲ ಬಿಚ್ಚಿದ್ದೇವೆ ಅಂದುಕೊಂಡು ಎಳೆದು ಪ್ಯಾಡ್ ಮುರಿಯುವವರೇ ಜಾಸ್ತಿ. ಮಿಕ್ಕದ್ದು ಪ್ಲಾಸ್ಟಿಕ್ ಕ್ಲಿಪ್, ಅದಕ್ಕೆ ಪ್ಲಾಸ್ಟಿಕ್ ಪಟ್ಟಿಯನ್ನೇ ತೂರಿಸಿ ಎಬ್ಬಿಸಿ. ಕೆಲವು ಕಾರುಗಳ ಬಾಗಿಲೊಳಗೆ ಸೈಡ್ ಏರ್‌ಬ್ಯಾಗಿನ ಸೆನ್ಸರ್ ಇರುತ್ತದೆ. ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕಿ, ಇಗ್ನಿಷನ್ ಆನ್ ಇದ್ದಾಗ ಯಾವ ಪ್ಲಗ್ಗನ್ನೂ ಎಳೆಯಬೇಡಿ. ಕತ್ತರಿ ತೋಳಿನ ರೆಗ್ಯುಲೇಟರ್ ಆದರೆ ಇನ್ನೂ ಹುಷಾರು. ಅದರಲ್ಲಿ ಒಂದು ಬಿಗಿ ಸುರುಳಿ ಸ್ಪ್ರಿಂಗ್ ಇರುತ್ತದೆ. ತೋಳನ್ನು ಬೋಲ್ಟ್ ಹಾಕಿ ಕಟ್ಟದೆ ಮೋಟರ್ ಬಿಚ್ಚಿದರೆ ಅದು ಚಟ್ಟನೆ ಬಿಚ್ಚಿಕೊಂಡು ಬೆರಳು ತೆಗೆದುಬಿಡುತ್ತದೆ. ಇದನ್ನು ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ.

ವಾಪಸ್ ಹಾಕುವಾಗ ಪ್ಯಾಡ್ ಹಿಂದೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಬಿಸಾಡುವ ಗ್ಯಾರೇಜುಗಳಿವೆ, ಎದುರಿಗೇ ನಿಂತು ಹಾಕಿಸಿ. ಗ್ಲಾಸಿನ ಮೇಲೆ ಬಿದ್ದ ಮಳೆನೀರು ಬಾಗಿಲಿನ ಒಳಗೇ ಇಳಿಯುತ್ತದೆ. ಆ ಹಾಳೆ ಇಲ್ಲದಿದ್ದರೆ ಅದು ಪ್ಯಾಡ್ ನೆನೆಸಿ ಕಾರಿನೊಳಗೆ ಬರುತ್ತದೆ, ಸ್ವಿಚ್ಚಿಗೂ ತಾಗುತ್ತದೆ. ಬಾಗಿಲಿನ ಅಡಿಯಲ್ಲಿ ನೀರು ಹೋಗುವ ಸಣ್ಣ ತೂತುಗಳಿರುತ್ತವೆ, ಮಣ್ಣು ಕಟ್ಟಿ ಮುಚ್ಚಿದ್ದರೆ ಒಂದು ಕಡ್ಡಿಯಿಂದ ಬಿಡಿಸಿ. ಬಾಗಿಲು ಮುಚ್ಚುವಾಗ ಒಳಗೆ ಗುಳುಗುಳು ಅಂತ ನೀರಿನ ಸದ್ದು ಕೇಳಿದರೆ ಆ ತೂತು ಕಟ್ಟಿದೆ, ಮೋಟರ್ ನೆನೆಯುತ್ತಿದೆ. ಪ್ಯಾಡ್ ಪೂರ್ತಿ ಕೂರಿಸುವ ಮೊದಲು ಬ್ಯಾಟರಿ ಸಿಕ್ಕಿಸಿ, ಬಾಗಿಲು ತೆರೆದೂ ಮುಚ್ಚಿಯೂ ಗ್ಲಾಸನ್ನು ಎರಡು ಮೂರು ಸಲ ಆಡಿಸಿ ನೋಡಿ, ಆಮೇಲೆ ಕ್ಲಿಪ್ ಒತ್ತಿ.